ಭುಜ ಮುಟ್ಟಿದ್ದಕ್ಕೆ ಎದ್ದು ಹೋದರು: ಇಂಥವರಿಗೆ ಯೋಗ ಹೇಗೆ ಕಲಿಸುತ್ತೀರಿ?

ಆರು ವರ್ಷದಿಂದ ಯೋಗ ಹೇಳಿಕೊಡುತ್ತಿದ್ದೇನೆ. ಎರಡು ತಿಂಗಳಿಂದ ಒಂದು ಮಹಿಳಾ ಆಶ್ರಯ ಕೇಂದ್ರಕ್ಕೂ ಹೋಗುತ್ತಿದ್ದೇನೆ. ಅಲ್ಲಿ ಮನೆಯಲ್ಲಿ ಹೊಡೆತ ತಿಂದು ಬಂದವರೇ ಜಾಸ್ತಿ. ಮೊನ್ನೆ ಶವಾಸನದಲ್ಲಿ ಒಬ್ಬರ ಭುಜ ಬಿಗಿಯಾಗಿತ್ತು ಅಂತ ಮೆಲ್ಲಗೆ ಒತ್ತಿದೆ. ಧಡಕ್ಕನೆ ಎದ್ದು ಹೊರಗೆ ಹೋದರು. ಹಿಂದೆಯೇ ಓಡಿದೆ, ಮಾತಾಡಲಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮೈಸೂರಿನ ಶಿಕ್ಷಕಿ:
ನನಗೂ ಇದೇ ಆಗಿದೆ ಮೇಡಂ. ನಾನು ಅಷ್ಟಾಂಗ ಕಲಿತವಳು. ನಮ್ಮಲ್ಲಿ ಕೈಯಿಟ್ಟು ಸರಿಮಾಡುವುದು ಪಾಠದ ಭಾಗವೇ. ಅದನ್ನು ಪೂರ್ತಿ ಬಿಟ್ಟೆ. "ಮುಟ್ಟಲಾ?" ಅಂತ ಕೇಳಿ ಮುಟ್ಟುವುದೂ ಬೇಡ. ಬೇಡ ಅನ್ನೋಕೆ ಹೆದರಿ ಹ್ಞೂಂ ಅಂತಾರೆ. ಆಸನ ಸೊಟ್ಟಗಿದ್ದರೆ ಇರಲಿ ಬಿಡಿ.

ನನಗೆ ಕಷ್ಟವಾಗಿದ್ದು ಮಾತು. ಕೈ ಎತ್ತಿ, ಕಣ್ಣು ಮುಚ್ಚಿ, ಮೈ ಸಡಿಲ ಬಿಡಿ. ನಮ್ಮದೆಲ್ಲ ಅಪ್ಪಣೆ. ಅವರು ಮನೆಯಲ್ಲಿ ಕೇಳಿ ಬಂದಿದ್ದೂ ಅಪ್ಪಣೆಯೇ ಅಲ್ವಾ? ಅದಕ್ಕೇ "ನಿಮಗೆ ಬೇಕಾದ ಹಾಗೆ ಮಾಡಿ" ಅಂದೆ. ಎಲ್ಲರೂ ಸುಮ್ನೆ ನನ್ನ ಮುಖ ನೋಡುತ್ತಾ ನಿಂತರು. ನಿನಗೇನು ಬೇಕು ಅಂತ ಅವರನ್ನು ಯಾರೂ ಕೇಳಿರಲೇ ಇಲ್ಲ! ಈಗ ಎರಡೇ ದಾರಿ ಕೊಡುತ್ತೇನೆ. "ಕೈ ಭುಜದವರೆಗೆ ಎತ್ತಬಹುದು, ಇಲ್ಲ ತೊಡೆ ಮೇಲೇ ಇಟ್ಟುಕೊಳ್ಳಬಹುದು." ಎರಡನ್ನೂ ನಾನೇ ಮಾಡಿ ತೋರಿಸುತ್ತೇನೆ. ಒಂದನ್ನೇ ತೋರಿಸಿದರೆ ಎಲ್ಲರೂ ಅದನ್ನೇ ಮಾಡುತ್ತಾರೆ. ಮೂರನೇ ವಾರ ಒಬ್ಬರು "ನಂಗೆ ಎರಡೂ ಬೇಡ" ಅಂದರು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಆಪ್ತಸಮಾಲೋಚಕ:
ಈ ಪದ್ಧತಿಗೆ ಹೆಸರೂ ಇದೆ, ಟ್ರಾಮಾ ಸೆನ್ಸಿಟಿವ್ ಯೋಗ, ಅಂದರೆ ಆಘಾತ ಅನುಭವಿಸಿದವರ ಮನಸ್ಸನ್ನು ಅರಿತು ಕಲಿಸುವ ಯೋಗ. ಅಮೆರಿಕದ ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ ಡೇವಿಡ್ ಎಮರ್ಸನ್ ಮತ್ತು ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಅವರ ತಂಡ ಇದನ್ನು ರೂಪಿಸಿತು. 2014ರಲ್ಲಿ ಬಂದ ಅವರ ಅಧ್ಯಯನದಲ್ಲಿ 64 ಮಹಿಳೆಯರಿದ್ದರು. ವಾರಕ್ಕೊಂದು ಗಂಟೆ, 10 ವಾರ. ಕೊನೆಗೆ ಯೋಗ ಮಾಡಿದವರಲ್ಲಿ 52%, ಯೋಗದ ಬದಲು ಆರೋಗ್ಯದ ಪಾಠ ಕೇಳಿದವರಲ್ಲಿ 21% ಜನ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಇದೆ ಅನ್ನುವ ಮಟ್ಟದಿಂದ ಹೊರಬಂದಿದ್ದರು. ಆದರೆ ಅಲ್ಲಿ ಯೋಗ ಚಿಕಿತ್ಸೆಯ ಜೊತೆಗಿತ್ತು, ಚಿಕಿತ್ಸೆಯ ಬದಲಿಗಲ್ಲ. ನಿಮ್ಮ ತರಗತಿಯಲ್ಲಿ ಅವರ ಕಥೆ ಕೆದಕಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಗೋಡೆ ಮೇಲೆ ಬರೆದಿಡಿ.

ಅಂಥ ತರಗತಿಯಲ್ಲಿ ಕೂತವಳು:
ನಾನು ಕಲಿಸುವವಳಲ್ಲ. ಮಿಸ್ ನಮ್ಮ ಬೆನ್ನ ಹಿಂದೆ ಓಡಾಡುವಾಗ ಅವರ ಹೆಜ್ಜೆ ಸದ್ದನ್ನೇ ಕೇಳುತ್ತಾ ಇರುತ್ತಿದ್ದೆ. ಇನ್ನು ಕಣ್ಣು ಮುಚ್ಚುವುದೆಲ್ಲಿ! ಆಮೇಲೆ ಬಂದ ಮಿಸ್ ತಮ್ಮ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಲೈಟ್ ಆರಿಸಲ್ಲ, ಚಿಲಕ ಹಾಕಲ್ಲ ಅಂತ ಮೊದಲ ದಿನವೇ ಹೇಳಿದ್ದರು. ಗಂಡಸರು ಯಾರೂ ಒಳಗೆ ಬರದ ಹಾಗೆ ಬಾಗಿಲಾಚೆ ಒಬ್ಬ ಅಕ್ಕ ಕೂತಿರುತ್ತಿದ್ದರು. ಶವಾಸನ ಬೇಡ ಅಂದವರು ಗೋಡೆಗೆ ಒರಗಿ ಕೂರುತ್ತಿದ್ದೆವು.

ಧಾರವಾಡದ ಶಿಕ್ಷಕ:
ಉಸಿರಾಟದ ಬಗ್ಗೆ ಒಂದು ಮಾತು. ಉಸಿರು ಹಿಡಿಯುವ ಕುಂಭಕ, ರಭಸವಾಗಿ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಮೊದಮೊದಲು ಬೇಡ. ಎದೆ ಡವಡವ ಅನ್ನುತ್ತೆ, ಹೆದರಿದಾಗ ಆಗುವುದೂ ಅದೇ. ಯಾರಾದರೂ ಶೂನ್ಯ ನೋಡುತ್ತಾ ಕೂತರೆ ಆಸನ ನಿಲ್ಲಿಸಿ. ಪಾದ ನೆಲಕ್ಕೆ ತಾಗಿದ್ದು ಗೊತ್ತಾಗುತ್ತಿದೆಯಾ ಅಂತ ಮೆಲ್ಲಗೆ ಕೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿದ್ದೆ. ಅವರು ಬಾಗಿಲ ಹತ್ತಿರ ನಿಂತಿದ್ದರು. "ಅವತ್ತು ಮುಟ್ಟಿದ್ದು ನನ್ನ ತಪ್ಪು, ಇನ್ನು ಯಾರನ್ನೂ ಮುಟ್ಟಲ್ಲ" ಅಂದೆ. ಏನೂ ಹೇಳಲಿಲ್ಲ. ಅಲ್ಲೇ ಚಾಪೆ ಹಾಸಿಕೊಂಡು ಹತ್ತು ನಿಮಿಷ ಕೂತರು, ಎದ್ದು ಹೋದರು. ಈ ಸಲ ನಾನು ಹಿಂದೆ ಹೋಗಲಿಲ್ಲ. ಮುಂದಿನ ವಾರ ಬಾಗಿಲ ಪಕ್ಕ ಎರಡು ಕುರ್ಚಿ ಇಡೋಣ ಅಂದುಕೊಂಡಿದ್ದೇನೆ.