ನಕ್ಷತ್ರದ ಹೊಟ್ಟೆಯ ಕಬ್ಬಿಣ ಹೊರಗೆ ಬಂದಿದ್ದು ಹೇಗೆ?

ಸಂಡೂರು ಲ್ಯಾಬ್ ಅಕ್ಕ:

ಹೋದ ಭಾನುವಾರ ಹೊಸಪೇಟೆಯಲ್ಲಿ ವಿಶ್ವದ ಹುಟ್ಟು, ಮನುಷ್ಯನ ಹುಟ್ಟು ಅಂತ ಒಂದು ಉಪನ್ಯಾಸ ಇತ್ತು. ಮಗಳನ್ನು ಕರೆದುಕೊಂಡು ಹೋಗಿದ್ದೆ. 1380 ಕೋಟಿ ವರ್ಷದ ಕಥೆಯನ್ನು ಒಂದೂವರೆ ಗಂಟೆಯಲ್ಲಿ ಎಷ್ಟು ಚೆನ್ನಾಗಿ ಹೇಳಿದರು ಅಂದರೆ, ನಾನು ಎದ್ದು ನೀರು ಕುಡಿಯಲೂ ಇಲ್ಲ.

ನನ್ನ ಕೆಲಸ ರಕ್ತ ಪರೀಕ್ಷೆ. ದಿನಕ್ಕೆ ಮೂವತ್ತು ನಲವತ್ತು ಜನರ ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿ ಕಬ್ಬಿಣ ಇರುವ ಕೆಂಪು ಅಂಶ, ಎಷ್ಟಿದೆ ಅಂತ ನೋಡುತ್ತೇನೆ. ಬಸುರಿ ಹೆಂಗಸರ ಚೀಟಿಯಲ್ಲಿ 7, 7.5 ಅಂತ ಇಷ್ಟು ಕಡಿಮೆ ಬರೆಯುವಾಗ ಹೊಟ್ಟೆ ಚುರ್ ಅನ್ನುತ್ತದೆ. ಹೊರಗೆ ನೋಡಿದರೆ ಗುಡ್ಡಕ್ಕೆ ಗುಡ್ಡವೇ ಕಬ್ಬಿಣ. ಕಿಟಕಿ ಸರಳು ಒರೆಸಿದ ಬಟ್ಟೆ ಸಂಜೆಗೆಲ್ಲ ಕೆಂಪು. ಹಾಗಾಗಿ "ನಿಮ್ಮ ರಕ್ತದ ಕಬ್ಬಿಣ ನಕ್ಷತ್ರದಲ್ಲಿ ತಯಾರಾಗಿದ್ದು" ಅಂದಾಗ ಮೈ ಜುಮ್ ಅಂದಿತು.

ಆದರೆ ಒಂದು ಅನುಮಾನ. ದೊಡ್ಡ ನಕ್ಷತ್ರದ ನಡುವೆ ಕಬ್ಬಿಣ ತುಂಬಿಕೊಂಡ ಮೇಲೆ ಅದು ಇನ್ನು ಉರಿಯಲ್ಲ, ಒಂದು ಸೆಕೆಂಡಿನೊಳಗೆ ಕುಸಿದು ನ್ಯೂಟ್ರಾನ್ ನಕ್ಷತ್ರ ಅನ್ನುವ ಪುಟ್ಟ ಗಟ್ಟಿ ಉಂಡೆ ಆಗುತ್ತದೆ ಅಂದರು. ಆ ಕಬ್ಬಿಣವೇ ಕುಸಿದು ಹೋದರೆ ನಮಗೆ ಸಿಕ್ಕಿದ್ದು ಯಾವ ಕಬ್ಬಿಣ? ಮೈಕ್ ನನ್ನ ಕಡೆ ಬರುವಷ್ಟರಲ್ಲಿ ಕೊನೆ ಬಸ್ಸಿನ ಹೊತ್ತಾಗಿತ್ತು.

ಪಿಯು ಮೇಷ್ಟ್ರು:

ಅಕ್ಕ, ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೀರಿ. ಕುಸಿದ ಆ ಕಬ್ಬಿಣ ನಮಗೆ ಸಿಗಲಿಲ್ಲ. ನಮ್ಮದು ಬೇರೆ.

ನಡುಭಾಗ ಕುಸಿದಾಗ ಏಳುವ ಆಘಾತದ ಅಲೆ ಹೊರಗಿನ ಪದರಗಳನ್ನು ಸುಡುತ್ತದೆ. ಅಲ್ಲಿ ಹುಟ್ಟುವುದು ಮೊದಲು ನಿಕ್ಕಲ್-56, ತಾನಾಗಿಯೇ ಬೇರೆ ಲೋಹವಾಗಿ ಬದಲಾಗುವ ಬಗೆಯ ನಿಕ್ಕಲ್. ಅದರಲ್ಲಿ ಅರ್ಧ ಸುಮಾರು 6 ದಿನದಲ್ಲಿ ಕೋಬಾಲ್ಟ್ ಆಗುತ್ತದೆ. ಆ ಕೋಬಾಲ್ಟಿನಲ್ಲಿ ಅರ್ಧ 77 ದಿನದಲ್ಲಿ ಕಬ್ಬಿಣ ಆಗುತ್ತದೆ. ಅಂದರೆ ನಮ್ಮ ರಕ್ತದ ಕಬ್ಬಿಣದಲ್ಲಿ ಹೆಚ್ಚಿನದು ಹುಟ್ಟುವಾಗ ಕಬ್ಬಿಣವೇ ಆಗಿರಲಿಲ್ಲ! ಇದು ಬರೀ ಲೆಕ್ಕವಲ್ಲ. 1987ರಲ್ಲಿ ಪಕ್ಕದ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದಾಗ, ಆ ಕೋಬಾಲ್ಟಿನ ಗಾಮಾ ಕಿರಣಗಳನ್ನು ಉಪಗ್ರಹದಿಂದ ಹಿಡಿದರು.

ಇನ್ನೊಂದು ದಾರಿಯೂ ಇದೆ, ನಮ್ಮ ಪಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದಿದ್ದು ಅದರಿಂದ. ಸೂರ್ಯನಂಥ ನಕ್ಷತ್ರ ಆರಿಹೋದ ಮೇಲೆ ಉಳಿಯುವ ಶ್ವೇತ ಕುಬ್ಜ ಇರುತ್ತದಲ್ಲ, ಅದು ಜೊತೆಗಾರ ನಕ್ಷತ್ರದಿಂದ ವಸ್ತು ಎಳೆದುಕೊಳ್ಳುತ್ತಾ ಸೂರ್ಯನ 1.4 ಪಟ್ಟು ತೂಕದ ಹತ್ತಿರ ಬಂದಾಗ ಇಡಿಯಾಗಿ ಸಿಡಿಯುತ್ತದೆ. ನಮ್ಮ ಖಗೋಳ ವಿಜ್ಞಾನಿ ಚಂದ್ರಶೇಖರ್ ಲೆಕ್ಕ ಹಾಕಿ ಕೊಟ್ಟ ಮಿತಿ ಅದು. ಅಲ್ಲೂ ಹೀಗೇ ನಿಕ್ಕಲ್ ಹುಟ್ಟಿ ಕಬ್ಬಿಣ ಆಗುತ್ತದೆ, ಆದರೆ ಒಳಗೆ ಏನೂ ಉಳಿಯಲ್ಲ, ಎಲ್ಲ ಹೊರಗೆ.

ಹೈಡ್ರೋಜನ್ ಮಾತ್ರ ನಕ್ಷತ್ರದ್ದಲ್ಲ. ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ವಿಶ್ವ ಹುಟ್ಟಿದ ಮೊದಲ ನಿಮಿಷಗಳದ್ದು.

ಸಂಡೂರು ಲ್ಯಾಬ್ ಅಕ್ಕ:

ಮೇಷ್ಟ್ರೇ, ಎರಡು ಸಲ ಓದಿದೆ. ಮಗಳಿಗೂ ಓದಿ ಹೇಳಿದೆ. ಅವಳ ಪ್ರಶ್ನೆ: ಮನುಷ್ಯ ಬಂದ ಮೇಲೂ ನಕ್ಷತ್ರದ ಕಬ್ಬಿಣ ಭೂಮಿಗೆ ಬಿದ್ದಿದೆಯಾ?

ಪಿಯು ಮೇಷ್ಟ್ರು:

ಬಿದ್ದಿದೆ! ಕಬ್ಬಿಣ-60 ಅಂತ ಒಂದು ಬಗೆ. ಅದರಲ್ಲಿ ಅರ್ಧ 26 ಲಕ್ಷ ವರ್ಷಕ್ಕೆ ಬೇರೆ ಧಾತುವಾಗಿ ಬದಲಾಗುತ್ತದೆ. ಭೂಮಿ ಹುಟ್ಟಿ 450 ಕೋಟಿ ವರ್ಷ ದಾಟಿದೆ, ಆಗಿನದು ಈಗ ಇರಲು ಸಾಧ್ಯವೇ ಇಲ್ಲ. ಆದರೂ ಪೆಸಿಫಿಕ್ ಸಮುದ್ರದ ತಳದ ಪದರದಲ್ಲಿ ಸಿಕ್ಕಿತು, ಚಂದ್ರನ ಮಣ್ಣಿನಲ್ಲೂ ಸಿಕ್ಕಿತು. ಸುಮಾರು 20ರಿಂದ 30 ಲಕ್ಷ ವರ್ಷದ ಹಿಂದೆ ಹತ್ತಿರದಲ್ಲೆಲ್ಲೋ ಸಿಡಿದ ನಕ್ಷತ್ರದ್ದು. ಆಗ ನಮ್ಮ ಪೂರ್ವಿಕರು ಆಫ್ರಿಕಾದಲ್ಲಿ ಕಲ್ಲು ಒಡೆದು ಚೂಪು ಮಾಡುತ್ತಿದ್ದರು. ಬಿದ್ದಿದ್ದು ತೀರಾ ಸ್ವಲ್ಪ. ನಿಮ್ಮ ಗುಡ್ಡದ ಅದಿರು ಅದಲ್ಲ. ಅದು 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳದಲ್ಲಿ ಕೂತಿದ್ದು.

ಹಾವೇರಿ ರೈತ:

ನಾನು ಓದಿದವನಲ್ಲ, ಆಕಾಶ ನೋಡುವ ಚಟ ಇದೆ. ಮುಂದೆ ಸಿಡಿಯುವ ನಕ್ಷತ್ರ ನೋಡಬೇಕು ಅಂದರೆ ಆರಿದ್ರಾ ನೋಡಿ. ಆರಿದ್ರೆ ಮಳೆ ಅಂತೀವಲ್ಲ, ಅದೇ. ಮಳೆ ಬರುವ ಹೊತ್ತಿಗೆ ಸೂರ್ಯ ಅದರ ಕಡೆ ಇರುತ್ತಾನೆ, ಹಾಗಾಗಿ ಆಗ ಕಾಣಲ್ಲ. ಡಿಸೆಂಬರ್ ಕೊನೆಗೆ ಸಂಜೆ ಪೂರ್ವಕ್ಕೆ ನೋಡಿದರೆ ಮೂರು ಚುಕ್ಕೆ ಸಾಲಾಗಿ ಕಾಣುತ್ತವೆ. ಅದರ ಎಡಕ್ಕೆ ಕೆಂಪಗೆ ಇರುವುದೇ ಆರಿದ್ರಾ. 2020ರ ಶುರುವಿನಲ್ಲಿ ಅದು ಮಂಕಾಗಿತ್ತು, ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ಈಗ ಸಿಡಿಯುತ್ತೆ ಅಂತ ಎಷ್ಟೋ ರಾತ್ರಿ ಕಾದೆ. ಆ ನಕ್ಷತ್ರದ್ದೇ ಧೂಳು ಅಡ್ಡ ಬಂದಿತ್ತು ಅಂತ ಆಮೇಲೆ ತಿಳಿಯಿತು.

ಸಂಡೂರು ಲ್ಯಾಬ್ ಅಕ್ಕ:

ನಿನ್ನೆ ಮಹಡಿ ಹತ್ತಿದೆವು. ಏಳೂವರೆಗೆ ಲಾರಿ ಧೂಳಿನಲ್ಲಿ ಏನೂ ಕಾಣಲಿಲ್ಲ. ಒಂಬತ್ತೂವರೆಗೆ ಆರಿದ್ರಾ ಮೇಲೆ ಬಂದಿತ್ತು. ಮಗಳು ಬೆಳಿಗ್ಗೆ ಸೂಜಿ ಚುಚ್ಚಿಸಿಕೊಂಡ ಬೆರಳನ್ನು ಅದರ ಪಕ್ಕಕ್ಕೆ ಹಿಡಿದು ಬಣ್ಣ ಹೋಲಿಸಿ ನೋಡಿದಳು. ಅವಳದು 11.8 ಇದೆ.