ಪಗ್ ಮರಿಗೆ ಡೆಮೊಡೆಕ್ಸ್ ನುಸಿ: ಅಮಿಟ್ರಾಜ್ ಸ್ನಾನವೋ, ಮಾತ್ರೆಯೋ? ಅನುಭವ ಇದ್ದವರು ತಿಳಿಸಿ

ಕೇಳಿದವರು: ಪಗ್ ಮನೆ, ತುಮಕೂರು

ನಮ್ಮ ಏಳು ತಿಂಗಳ ಗಂಡು ಪಗ್ ಮರಿಗೆ ಮೊದಲು ಕಣ್ಣಿನ ಸುತ್ತ, ಆಮೇಲೆ ಮುಂಗಾಲುಗಳ ಮೇಲೆ ಕೂದಲು ಉದುರಿತು. ಈಗ ಕುತ್ತಿಗೆಗೂ ಬೆನ್ನಿಗೂ ಹರಡಿ, ಅಲ್ಲಲ್ಲಿ ಕೀವುಗುಳ್ಳೆಗಳು ಎದ್ದಿವೆ. ಚರ್ಮ ಕೆರೆದು ನೋಡಿದ ವೈದ್ಯರು ಡೆಮೊಡೆಕ್ಸ್ ಎಂದು ಖಚಿತಪಡಿಸಿ, ನುಸಿ ಕೊಲ್ಲುವ ಅಮಿಟ್ರಾಜ್ ದ್ರವದ ಸ್ನಾನ ಅಥವಾ ತಿಂಗಳಿಗೊಂದು ಅಫಾಕ್ಸೊಲನರ್ ಮಾತ್ರೆ, ಎರಡರಲ್ಲಿ ಒಂದನ್ನು ನೀವೇ ಆರಿಸಿಕೊಳ್ಳಿ ಎಂದಿದ್ದಾರೆ. ಮನೆಯಲ್ಲಿ ಸಕ್ಕರೆ ಕಾಯಿಲೆಯಿರುವ ಅತ್ತೆಯವರಿದ್ದಾರೆ. ಮರಿಯ ಮೈಗೆ ಒರಗಿಯೇ ಮಲಗುವ ಒಂದು ಬೆಕ್ಕೂ ಇದೆ. ಎರಡು ಚಿಕಿತ್ಸೆಗಳಲ್ಲಿ ಯಾವುದನ್ನಾದರೂ ಮಾಡಿಸಿದವರು ದಯವಿಟ್ಟು ತಿಳಿಸಿ.

ಡಾಬರ್‌ಮನ್ ಒಡತಿ, ಹುಬ್ಬಳ್ಳಿ

ಅಮಿಟ್ರಾಜ್ ಎಂದ ಕೂಡಲೇ ಮೂಗು ಮುರಿಯುವವರೇ ಹೆಚ್ಚಾಗಿರುವ ಈ ಕಾಲದಲ್ಲಿ, ನನ್ನ ಡಾಬರ್‌ಮನ್ ಬದುಕಿದ್ದು ಆ ಸ್ನಾನದಿಂದಲೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದರ ಮೈ ಆನೆಯ ಚರ್ಮದಂತೆ ದಪ್ಪಗಾಗಿ, ಬೆರಳ ಸಂದುಗಳಿಂದ ರಕ್ತ ಬೆರೆತ ಕೀವು ಸೋರುತ್ತಿತ್ತು, ದವಡೆಯ ಕೆಳಗಿನ ಗಂಟುಗಳು ನಿಂಬೆ ಗಾತ್ರಕ್ಕೆ ಊದಿದ್ದವು. ಮೈಯ ಕೂದಲನ್ನೆಲ್ಲ ಕತ್ತರಿಸಿ, ಬೆಂಜಾಯಿಲ್ ಪೆರಾಕ್ಸೈಡ್ ಶಾಂಪೂ ಹಚ್ಚಿ ಹತ್ತು ನಿಮಿಷ ಹಾಗೇ ಬಿಟ್ಟು, ತೊಳೆದು ಒಣಗಿಸಿದ ಮೇಲೆ ವೈದ್ಯರು ಬರೆದುಕೊಟ್ಟಂತೆ ಒಂದು ಲೀಟರ್ ನೀರಿಗೆ ಶೇಕಡಾ 12.5ರ ಅಮಿಟ್ರಾಜ್ ದ್ರವವನ್ನು 4 ಮಿಲಿ ಬೆರೆಸಿ, ಸ್ಪಂಜಿನಿಂದ ಮೈಯೆಲ್ಲ ನೆನೆಸಬೇಕಿತ್ತು. ಅದನ್ನು ತೊಳೆಯಬಾರದು, ಒರೆಸಲೂಬಾರದು, ಬೆರೆಸಿದ ನೀರನ್ನು ಮರುದಿನಕ್ಕೆ ಎತ್ತಿಡಬಾರದು. ಹುಬ್ಬಳ್ಳಿಯ ಆಷಾಢದ ಮಳೆಯಲ್ಲಿ ಕಾಲು ಒದ್ದೆಯಾಗದಂತೆ ನಾಯಿಯನ್ನು ಅಂಗಳಕ್ಕೆ ಕರೆದೊಯ್ಯುವುದು ಎಂಥ ಕೆಲಸ ಎಂಬುದು ಮಾತ್ರೆ ನುಂಗಿಸಿ ಕೈತೊಳೆದುಕೊಳ್ಳುವವರಿಗೆ ಗೊತ್ತಾಗುವುದಿಲ್ಲ.

ಖರ್ಚಿನ ಮಾತಿಗೆ ಬಂದರೆ, ಅಮಿಟ್ರಾಜ್ ಬಾಟಲಿಗೆ ಕೊಟ್ಟಿದ್ದು ಲೆಕ್ಕಕ್ಕೇ ಇಲ್ಲ. ಚರ್ಮದೊಳಗಿನ ಸೋಂಕಿಗೆ ವಾರಗಟ್ಟಲೆ ಕೊಟ್ಟ ಸೆಫಾಲೆಕ್ಸಿನ್ ಎಂಬ ಆ್ಯಂಟಿಬಯಾಟಿಕ್‌ಗೆ 6,200 ರೂಪಾಯಿ, ಅದು ಕೆಲಸ ಮಾಡದೆ ಕೀವಿನ ಕಲ್ಚರ್ ಪರೀಕ್ಷೆ ಮಾಡಿಸಿದ್ದಕ್ಕೆ 1,800, ಶಾಂಪೂಗಳಿಗೆ 3,400, ಪ್ರತಿ ಭೇಟಿಯ ಶುಲ್ಕ ಬೇರೆ. ಮೂರನೆಯ ತಿಂಗಳಲ್ಲಿ ಕೂದಲು ಬಂದದ್ದನ್ನು ಕಂಡು ಮನೆಯವರು ಸಾಕು ಎಂದರೂ ನಾನು ನಿಲ್ಲಿಸಲಿಲ್ಲ, ಏಕೆಂದರೆ ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ ಕೆರೆದು ನೋಡಿದಾಗಲೂ ನುಸಿ ಸಿಗಬಾರದು ಎಂಬುದೇ ಗುಣವಾದದ್ದಕ್ಕೆ ಅಳತೆಗೋಲು.

ಕಾಲಿ ಸಾಕಿದವರು, ಮೈಸೂರು

ಕೇಳಿದವರ ಪಟ್ಟಿಯಲ್ಲಿ ನುಸಿಗೆ ಕೊಡುವ ಇನ್ನೊಂದು ಔಷಧ ಐವರ್‌ಮೆಕ್ಟಿನ್ ಇಲ್ಲದಿರುವುದು ಅವರ ಪುಣ್ಯ. ನನ್ನ ರಫ್ ಕಾಲಿ ತಳಿಯ ನಾಯಿಗೆ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ತಳಿ ಯಾವುದೆಂದು ಕಣ್ಣೆತ್ತಿಯೂ ನೋಡದೆ ಆ ಇಂಜೆಕ್ಷನ್ ಚುಚ್ಚಿದರು. ಸಂಜೆಯ ಹೊತ್ತಿಗೆ ನಾಯಿಯ ಕಣ್ಣಿನ ಪಾಪೆಗಳು ಅಗಲವಾಗಿ ಹಿಗ್ಗಿ, ಜೊಲ್ಲು ಸುರಿಯತೊಡಗಿತು. ಹಿಂಗಾಲುಗಳು ತೊಡರಿ ಗೋಡೆಗೆ ಢಿಕ್ಕಿ ಹೊಡೆಯಿತು, ರಾತ್ರಿ ಕರೆದರೆ ತಲೆ ಎತ್ತಲಿಲ್ಲ. ಕಾಲಿಯಂಥ ತಳಿಗಳ ಅನೇಕ ನಾಯಿಗಳಲ್ಲಿ ಎಂಡಿಆರ್1 ಎಂಬ ಜೀನ್ ಕೆಟ್ಟಿರುವುದರಿಂದ ಔಷಧವನ್ನು ಮಿದುಳಿನಿಂದ ಹೊರಗೆ ತಳ್ಳುವ ವ್ಯವಸ್ಥೆಯೇ ಇರುವುದಿಲ್ಲ ಎಂಬುದನ್ನು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲೇ ಪತ್ತೆ ಹಚ್ಚಿದ್ದರು. ಕಾಲಿ, ಶೆಲ್ಟಿ, ಆಸ್ಟ್ರೇಲಿಯನ್ ಶೆಫರ್ಡ್‌ಗಳಿಗೆ ಕಜ್ಜಿಗೆ ಕೊಡುವ ಪ್ರಮಾಣದಲ್ಲಿ ಅದನ್ನು ಕೊಡಬಾರದೆಂಬುದು ಪಶುವೈದ್ಯರ ಪಾಠವೇ ಆಗಿದೆ. ಅದಕ್ಕೆ ನೇರವಾದ ಪ್ರತಿವಿಷವಿಲ್ಲ. ಸಲೈನ್ ಹನಿಸುತ್ತ, ಮಗ್ಗುಲು ಬದಲಿಸುತ್ತ, ಮುಚ್ಚದ ಕಣ್ಣುಗಳಿಗೆ ಮುಲಾಮು ಹಚ್ಚುತ್ತ ಕಾಯುವುದೊಂದೇ ದಾರಿ. ಆ ಕಾಯುವಿಕೆಯ ಆಸ್ಪತ್ರೆ ಬಿಲ್ಲು 31,000 ರೂಪಾಯಿ ಮುಟ್ಟಿತು. ಇಂಜೆಕ್ಷನ್ನಿನ ಬೆಲೆ 150.

ತೋಟದ ಮನೆ, ತೀರ್ಥಹಳ್ಳಿ

ಪೇಟೆಯವರ ಲೆಕ್ಕಗಳನ್ನು ಓದಿ ತಲೆ ತಿರುಗಿತು. ನಮ್ಮ ತೋಟದ ನಾಯಿಗೆ ಇದೇ ಕಜ್ಜಿ ಬಂದು ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಚರ್ಮವೆಲ್ಲ ಹಕ್ಕಳೆಗಟ್ಟಿತ್ತು. ರಾತ್ರಿಯಿಡೀ ಅದು ಕೆರೆದುಕೊಳ್ಳುವ ಸದ್ದಿಗೆ ಮನೆಯವರಿಗೆ ನಿದ್ದೆ ಇರಲಿಲ್ಲ. ನನ್ನ ಮುಂಗೈಗೂ ಮೊಮ್ಮಗಳ ಹೊಟ್ಟೆಗೂ ಕೆಂಪು ಗುಳ್ಳೆಗಳು ಎದ್ದವು. ಹೊಂಗೆ ಎಣ್ಣೆ ಬಿಸಿ ಮಾಡಿ ಗಂಧಕದ ಪುಡಿ ಕಲಸಿ ಹಚ್ಚಿದೆವು, ಮಲಗುವ ಗೋಣಿಗಳನ್ನು ಸುಟ್ಟೆವು. ತಿಂಗಳೊಳಗೆ ನಾಯಿಯೂ ನಾವೂ ಗುಣವಾದೆವು. ಖರ್ಚು ಇನ್ನೂರು ರೂಪಾಯಿಯನ್ನೂ ದಾಟಲಿಲ್ಲ. ಪಕ್ಕದ ತೋಟದವರಂತೂ ಗ್ಯಾರೇಜಿನ ಸುಟ್ಟ ಎಂಜಿನ್ ಎಣ್ಣೆಯಲ್ಲೇ ಮೂರು ನಾಯಿಗಳ ಕಜ್ಜಿ ತೆಗೆದಿದ್ದಾರೆ. ಏಳು ತಿಂಗಳ ಮರಿಯ ಹೊಟ್ಟೆಗೆ ಕೀಟನಾಶಕವನ್ನು ತಿನ್ನಿಸುವುದು ನನಗಂತೂ ಒಪ್ಪುವ ಮಾತಲ್ಲ.

ರಾತ್ರಿ ಊಟ ಹಾಕುವವಳು, ಬೆಂಗಳೂರು

ಎಂಜಿನ್ ಎಣ್ಣೆಯ ಮಾತನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಆ ಎಣ್ಣೆಯನ್ನು ನೆಕ್ಕಿ ವಾಂತಿ ಮಾಡಿಕೊಂಡು, ಅದು ಶ್ವಾಸಕೋಶಕ್ಕೆ ಇಳಿದು ಸತ್ತ ನಾಯಿಯನ್ನು ನಮ್ಮ ಬೀದಿಯಿಂದ ನಾನೇ ಎತ್ತಿಸಿದ್ದೇನೆ. ಇನ್ನು ನಿಮ್ಮ ನಾಯಿಗೆ ಬಂದದ್ದು ಡೆಮೊಡೆಕ್ಸ್ ಅಲ್ಲವೇ ಅಲ್ಲ. ಮನುಷ್ಯರಿಗೂ ಗುಳ್ಳೆ ಎದ್ದಿತು, ಕಿವಿಯ ಅಂಚು ಹಕ್ಕಳೆಗಟ್ಟಿತು, ನಿದ್ದೆಗೆಡಿಸುವಷ್ಟು ತುರಿಕೆ ಇತ್ತು ಎಂದರೆ ಅದು ಸಾರ್ಕೋಪ್ಟಿಸ್. ಚರ್ಮದಲ್ಲಿ ಬಿಲ ಕೊರೆಯುವ ಆ ನುಸಿ ಬೇರೆ, ಕೂದಲ ಬುಡದಲ್ಲಿ ವಾಸಿಸುವ ಡೆಮೊಡೆಕ್ಸ್ ಬೇರೆ. ನಮ್ಮ ಬೀದಿಯ ನಾಯಿಗಳಲ್ಲಿ ಕಾಣುವುದು ಬಹುಪಾಲು ನಿಮ್ಮಲ್ಲಿ ಬಂದ ಬಗೆಯೇ. ಕಿವಿಯ ತುದಿಯನ್ನು ಮಡಚಿ ಹೆಬ್ಬೆರಳಿನಿಂದ ಉಜ್ಜಿದರೆ ಆ ಬದಿಯ ಹಿಂಗಾಲು ತಾನಾಗಿಯೇ ಗಾಳಿಯಲ್ಲಿ ಕೆರೆಯತೊಡಗುತ್ತದೆ. ಕೆರೆದು ನೋಡಿದರೆ ನುಸಿ ಸಿಗದೇ ಹೋಗುವುದೂ ಇದರಲ್ಲಿ ಸಾಮಾನ್ಯ, ಆದ್ದರಿಂದ ಅನುಮಾನದ ಮೇಲೆಯೇ ಚಿಕಿತ್ಸೆ ಆರಂಭಿಸುತ್ತಾರೆ.

ನಾನು ಕೊಡುವುದು ಮಾತ್ರೆಯನ್ನೇ. ಹಿಡಿಯಲು ಸಿಗದ ನಾಯಿಗೆ ಸ್ನಾನ ಮಾಡಿಸುವವರು ಯಾರು? ಕೋಳಿಯ ತುಂಡಿನೊಳಗೆ ಅಡಗಿಸಿ, ಅದು ನುಂಗುವವರೆಗೂ ಬೇರೆ ನಾಯಿಗಳನ್ನು ಕೋಲು ಹಿಡಿದು ಕಾಯುತ್ತೇನೆ. ಒಂದು ಮಾತ್ರೆ ಸಾವಿರ ರೂಪಾಯಿಯ ಆಸುಪಾಸಿಗೆ ಬರುತ್ತದೆ. ದೊಡ್ಡ ಮಾತ್ರೆ ತಂದು ನಾಲ್ಕು ತುಂಡು ಮಾಡಿದರೆ ಉಳಿತಾಯವಾಗುತ್ತದೆ ಎಂದು ಸಲಹೆ ಕೊಡುವವರಿಗೆ, ಪ್ರತಿ ತುಂಡಿನಲ್ಲೂ ಔಷಧ ಸಮನಾಗಿರುತ್ತದೆ ಎಂಬ ಖಾತರಿ ಇಲ್ಲ ಎಂದು ಪ್ರತಿ ಬಾರಿಯೂ ಹೇಳಬೇಕಾಗುತ್ತದೆ. ಕಳೆದ ವರ್ಷ ನನ್ನ ಸಂಬಳದಲ್ಲಿ 48,000 ರೂಪಾಯಿ ಇದಕ್ಕೇ ಹೋಯಿತು. ಅಪಾರ್ಟ್‌ಮೆಂಟಿನವರು ಕೊಟ್ಟದ್ದು ನೋಟಿಸು ಮಾತ್ರ.

ತೋಟದ ಮನೆ, ತೀರ್ಥಹಳ್ಳಿ

ಎಂಜಿನ್ ಎಣ್ಣೆ ಹಚ್ಚಿದ್ದು ಪಕ್ಕದವರು, ನಾನಲ್ಲ. ನಾನು ಹೇಳಿದ್ದು ಗಂಧಕದ ಬಗ್ಗೆ. ಯಾವ ನುಸಿಯಾದರೂ ನುಸಿಯೇ, ನಾಯಿ ಗುಣವಾಯಿತಲ್ಲ?

ಕಾಲಿ ಸಾಕಿದವರು, ಮೈಸೂರು

ಗಂಧಕವನ್ನು ನಾನು ತಳ್ಳಿಹಾಕುವುದಿಲ್ಲ. ಸುಣ್ಣ–ಗಂಧಕದ ದ್ರಾವಣವನ್ನು ಸಾರ್ಕೋಪ್ಟಿಸ್‌ಗೆ ಪಶುವೈದ್ಯರೂ ಬಳಸುತ್ತಾರೆ. ಆದರೆ ಯಾವ ನುಸಿಯಾದರೂ ನುಸಿಯೇ ಎನ್ನುವಂಥ, ತಳಿಯನ್ನೂ ನೋಡದ ಉದಾಸೀನದಿಂದಲೇ ನನ್ನ ನಾಯಿ ಸಾವಿನ ಬಾಗಿಲು ತಟ್ಟಿ ಬಂದದ್ದು. ಡೆಮೊಡೆಕ್ಸ್ ಇರುವುದು ಕೂದಲ ಬುಡದ ಆಳದಲ್ಲಿ. ಅದನ್ನು ಹುಡುಕಲು ಚರ್ಮವನ್ನು ಎರಡು ಬೆರಳುಗಳಿಂದ ಹಿಂಡಿ, ಮೊಂಡು ಬ್ಲೇಡಿನಿಂದ ರಕ್ತ ಜಿನುಗುವವರೆಗೂ ಕೆರೆದು, ಪ್ಯಾರಾಫಿನ್ ಎಣ್ಣೆಯ ಹನಿಯಲ್ಲಿ ಗಾಜಿನ ಮೇಲೆ ಹರಡಬೇಕು. ಆಗ ಸೂಕ್ಷ್ಮದರ್ಶಕದಡಿ ಚುಟ್ಟಾದ ಆಕಾರದ, ಮುಂಭಾಗದಲ್ಲಷ್ಟೇ ಮೊಂಡು ಕಾಲುಗಳಿರುವ ಜೀವಿಗಳು ಕಾಣುತ್ತವೆ. ಮೇಲೆ ಹಚ್ಚಿದ ಹೊಂಗೆ ಎಣ್ಣೆ ಅಲ್ಲಿಗೆ ಇಳಿಯುವುದಿಲ್ಲ.

ಡಾಬರ್‌ಮನ್ ಒಡತಿ, ಹುಬ್ಬಳ್ಳಿ

ಬೆಂಗಳೂರಿನವರು ಮಾತ್ರೆಯನ್ನು ಹೊಗಳುವಾಗ ಒಂದು ವಿಷಯವನ್ನು ನುಂಗಿಕೊಂಡಿದ್ದಾರೆ. ಈ ವರ್ಗದ ಔಷಧಗಳಿಂದ, ಅಂದರೆ ಅಫಾಕ್ಸೊಲನರ್, ಫ್ಲುರಲನರ್, ಸರೋಲನರ್‌ಗಳಿಂದ, ಕೆಲವು ನಾಯಿಗಳಿಗೆ ಸೆಳವು ಮತ್ತು ನಡುಕ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಬೀದಿಯ ನಾಯಿಗೆ ಮಾತ್ರೆ ನುಂಗಿಸಿ ನೀವು ಮನೆಗೆ ಹೋದ ಮೇಲೆ ಅದಕ್ಕೆ ಸೆಳವು ಬಂದರೆ ನೋಡುವವರು ಯಾರು?

ರಾತ್ರಿ ಊಟ ಹಾಕುವವಳು, ಬೆಂಗಳೂರು

ಅದೇ ಎಫ್‌ಡಿಎ ಆ ಔಷಧಗಳು ಬಹುಪಾಲು ನಾಯಿಗಳಿಗೆ ಸುರಕ್ಷಿತವೆಂದೂ ಹೇಳಿ ಮಾರುಕಟ್ಟೆಯಲ್ಲಿ ಉಳಿಸಿಕೊಂಡಿದೆ. ಅರ್ಧವನ್ನು ಓದಿ ಅರ್ಧವನ್ನು ಬಿಡಬೇಡಿ. ಪಶುಚರ್ಮವೈದ್ಯರ ಜಾಗತಿಕ ಸಂಘದ 2020ರ ಮಾರ್ಗಸೂಚಿಯಲ್ಲೂ ಡೆಮೊಡೆಕ್ಸ್‌ಗೆ ಈ ಮಾತ್ರೆಗಳನ್ನು ಸೂಚಿಸಲಾಗಿದೆ. ಹಿಂದೆ ಸೆಳವು ಬಂದಿದ್ದ ನಾಯಿಗೆ ನಾನು ಕೊಡುವುದಿಲ್ಲ. ನೀವು ಅಷ್ಟು ಮೆಚ್ಚಿದ ಸ್ನಾನದ ಮರುದಿನ ನಿಮ್ಮ ನಾಯಿ ಹೇಗಿರುತ್ತಿತ್ತು ಎಂಬುದನ್ನೂ ಬರೆಯಬಹುದಿತ್ತಲ್ಲವೇ?

ಡಾಬರ್‌ಮನ್ ಒಡತಿ, ಹುಬ್ಬಳ್ಳಿ

ಮಂಪರಿನಲ್ಲಿ ಮಲಗಿರುತ್ತಿತ್ತು, ಸಂಜೆಗೆ ಏಳುತ್ತಿತ್ತು. ಎದೆಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ ಎಂದು ವೈದ್ಯರು ಮೊದಲೇ ತಿಳಿಸಿದ್ದರಿಂದ ಕಂಬಳಿ ಹೊದಿಸಿ ಪಕ್ಕದಲ್ಲೇ ಕುಳಿತಿರುತ್ತಿದ್ದೆ. ಮುಚ್ಚಿಡಲು ಅದರಲ್ಲೇನೂ ಇಲ್ಲ.

ಪಗ್ ಮನೆ, ತುಮಕೂರು

ಎಲ್ಲರಿಗೂ ಧನ್ಯವಾದಗಳು. ಅತ್ತೆಯವರ ಮತ್ತು ಬೆಕ್ಕಿನ ವಿಷಯವನ್ನು ಯಾರೂ ಹೇಳಲಿಲ್ಲ.

ನಾಯಿ ಸಾಕಣೆಗಾರ, ದಾವಣಗೆರೆ

ಇಷ್ಟು ಗಾಬರಿ ಬೇಕಿಲ್ಲ. ಡೆಮೊಡೆಕ್ಸ್ ಹೆಚ್ಚುಕಡಿಮೆ ಎಲ್ಲ ನಾಯಿಗಳ ಮೈಯಲ್ಲೂ ಇರುತ್ತದೆ, ಹುಟ್ಟಿದ ಮೊದಲ ದಿನಗಳಲ್ಲಿ ಹಾಲು ಕುಡಿಯುವಾಗ ತಾಯಿಯಿಂದ ಮರಿಗೆ ಬರುತ್ತದೆ. ರೋಗನಿರೋಧಕ ಶಕ್ತಿ ಬಲಿಯುವವರೆಗೆ ಒಂದೆರಡು ಕಡೆ ಬೋಳು ಬೀಳುವುದು ಸಹಜ, ಹತ್ತರಲ್ಲಿ ಒಂಬತ್ತು ಮರಿಗಳು ಯಾವ ಔಷಧವೂ ಇಲ್ಲದೆ ಸರಿಹೋಗುತ್ತವೆ. ಪೌಷ್ಟಿಕ ಆಹಾರ ಕೊಟ್ಟು, ಜಂತು ಔಷಧ ಹಾಕಿಸಿ, ಸ್ವಲ್ಪ ಕಾಯಿರಿ. ನನ್ನಲ್ಲಿಂದ ಹೋದ ಪಗ್ ಮರಿಗಳಲ್ಲಿ ಹೀಗಾದವು ಇಂದು ಹೊಳೆಯುವ ಮೈಯಿಂದ ಓಡಾಡುತ್ತಿವೆ.

ಡಾಬರ್‌ಮನ್ ಒಡತಿ, ಹುಬ್ಬಳ್ಳಿ

ತಾನಾಗಿ ಸರಿಹೋಗುವುದು ಒಂದೆರಡು ಕಡೆ ಮಾತ್ರ ಕಾಣಿಸಿಕೊಂಡದ್ದು. ಕುತ್ತಿಗೆ, ಬೆನ್ನು, ಕಾಲುಗಳಿಗೆಲ್ಲ ಹರಡಿ ಕೀವಾದ ಮರಿಗೆ ಕಾಯಿರಿ ಎನ್ನುವುದು ಮಾರಾಟಗಾರರ ಸಲಹೆ. ನನಗೂ 22,000 ರೂಪಾಯಿಗೆ ಮರಿ ಕೊಟ್ಟವರು ಇದೇ ಮಾತು ಹೇಳಿದ್ದರು. ಅದೇ ತಾಯಿಯ ಹಿಂದಿನ ಸೂಲಿನ ಮರಿಗಳಿಗೂ ಮೈಯೆಲ್ಲ ಬೋಳಾಗಿತ್ತು ಎಂಬುದು ಆಮೇಲೆ ಗೊತ್ತಾಯಿತು. ಹರಡಿದ ಬಗೆಯ ರೋಗ ಬಂದ ನಾಯಿಯಿಂದ ಮರಿ ಮಾಡಿಸಬಾರದು, ಸಂತಾನಹರಣ ಮಾಡಿಸಬೇಕು ಎಂಬುದು ಸಾಕಣೆಗಾರರಿಗೆ ತಿಳಿಯದ ವಿಷಯವೇನಲ್ಲ.

ನಾಯಿ ಸಾಕಣೆಗಾರ, ದಾವಣಗೆರೆ

ಯಾರೋ ಮಾಡಿದ್ದಕ್ಕೆ ಎಲ್ಲರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಬೇಡಿ. ಮರಿ ಕೊಳ್ಳುವಾಗ ಎರಡು ಸಾವಿರಕ್ಕಾಗಿ ಚೌಕಾಸಿ ಮಾಡುವವರು ತಾಯಿಯನ್ನು ತೋರಿಸಿ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಗುಣವಾದ ನಾಯಿಗೆ ಕೆಮ್ಮು, ಅಲರ್ಜಿ ಎಂದು ಸ್ಟಿರಾಯ್ಡ್ ಹಾಕಿಸಿ ರೋಗ ಮರುಕಳಿಸಿದಾಗಲೂ ಬೈಗುಳ ಬರುವುದು ನಮಗೇ.

ಕಾಲಿ ಸಾಕಿದವರು, ಮೈಸೂರು

ತುಮಕೂರಿನವರಿಗೆ: ಅಮಿಟ್ರಾಜ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಆದ್ದರಿಂದ ಮಧುಮೇಹ ಇರುವವರು ಅದನ್ನು ಮುಟ್ಟಬಾರದು, ಬೆಕ್ಕುಗಳಿಗೂ ಅದು ವಿಷವೇ, ಒದ್ದೆ ಮೈಯ ಮರಿಗೆ ಒರಗಿ ತನ್ನ ಮೈ ನೆಕ್ಕಿಕೊಂಡರೂ ಅಪಾಯ. ಡೆಮೊಡೆಕ್ಸ್ ಮಾತ್ರ ಬೆಕ್ಕಿಗಾಗಲಿ ಮನುಷ್ಯರಿಗಾಗಲಿ ಅಂಟುವುದಿಲ್ಲ. ನಿಮ್ಮ ಮನೆಗೆ ಮಾತ್ರೆಯೇ ಸರಿ. ಮರಿಗೆ ಎಂದಾದರೂ ಸೆಳವು ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಡಾಬರ್‌ಮನ್ ಒಡತಿ, ಹುಬ್ಬಳ್ಳಿ

ಕೈಗವಸು ಹಾಕಿಕೊಂಡು ಹಿತ್ತಲಲ್ಲಿ ಸ್ನಾನ ಮಾಡಿಸಿ, ಮೈ ಒಣಗುವವರೆಗೆ ಬೆಕ್ಕನ್ನು ಬೇರೆ ಕೋಣೆಯಲ್ಲಿ ಇಟ್ಟರೆ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಿರಲಿ, ದಾವಣಗೆರೆಯವರೇ, ಮೈ ಬೋಳಾದ ಮರಿಗಳನ್ನು ಹೆತ್ತ ಆ ನಿಮ್ಮ ಪಗ್ ತಾಯಿಯನ್ನು ಮತ್ತೆ ಗಂಡಿಗೆ ಕೂಡಿಸಿದ್ದೀರೋ ಇಲ್ಲವೋ? ಅಷ್ಟಕ್ಕೆ ಮಾತ್ರ ಉತ್ತರಿಸಿ.

ನಾಯಿ ಸಾಕಣೆಗಾರ, ದಾವಣಗೆರೆ

ಕೂಡಿಸಿಲ್ಲ. ಆದರೆ ಅದು ಅದರ ವಯಸ್ಸನ್ನು ನೋಡಿ, ನಿಮ್ಮ ಉಪದೇಶವನ್ನು ಕೇಳಿ ಅಲ್ಲ.