ಮಂಡೆಬಿಸಿಗೂ ಮಾನಸಿಕ ಕಾಯಿಲೆಗೂ ಗೆರೆ ಎಲ್ಲಿ?

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ, ಕುಂಬಳೆ):
ಅಕ್ಕ, ನಮಸ್ಕಾರ. ಮುಂದಿನ ವಾರದಿಂದ ನಮಗೆ ಸೈಕಿಯಾಟ್ರಿ ಪೋಸ್ಟಿಂಗ್. ಮಾನಸಿಕ ಆರೋಗ್ಯ ಅಂದರೆ ಏನು ಅಂತ ಬಾಯಿಪಾಠ ಬರುತ್ತದೆ, ತಲೆಗೆ ಹೋಗಿಲ್ಲ. ಪರೀಕ್ಷೆ ಹತ್ತಿರ ಬಂದರೆ ನನಗೆ ನಿದ್ದೆ ಇಲ್ಲ, ಅನ್ನ ಸೇರುವುದಿಲ್ಲ. ಅದೂ ಕಾಯಿಲೆಯಾ? ಇನ್ನೊಂದು ಸಂಶಯ. ನಮ್ಮ ತರವಾಡಿನಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ವರ್ಷಕ್ಕೊಮ್ಮೆ ಪಾತ್ರಿಗೆ ದರ್ಶನ ಬರುತ್ತದೆ, ದೈವ ಅವರ ಮೈಮೇಲೆ ಬರುತ್ತದೆ. ಪಠ್ಯದಲ್ಲಿರುವ ಲಕ್ಷಣ ಓದಿದರೆ ಅವರೂ ರೋಗಿ ಅಂತ ಆಗುತ್ತದೆ. ಹಾಗೆ ಬರೆಯಲು ಮನಸ್ಸು ಬರುವುದಿಲ್ಲ.

ಉತ್ತರ (ಮನೋರೋಗ ವಾರ್ಡಿನ ನರ್ಸ್, ಊರು ಬದಿಯಡ್ಕ):
ತಂಗಿ, ಬಾಯಿಪಾಠ ಮಾಡಿದ್ದನ್ನೇ ಬಿಡಿಸಿ ನೋಡು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟೇ: ಬದುಕಿನ ಒತ್ತಡ ತಾಳಿಕೊಳ್ಳಬೇಕು, ತನ್ನಿಂದ ಏನಾಗುತ್ತದೆ ಅಂತ ಗೊತ್ತಿರಬೇಕು, ಕಲಿಯಬೇಕು, ದುಡಿಯಬೇಕು, ನಾಲ್ಕು ಜನಕ್ಕೆ ಒದಗಬೇಕು. ಯಾವಾಗಲೂ ಖುಷಿಯಾಗಿರಬೇಕು ಅಂತ ಅದರಲ್ಲಿ ಎಲ್ಲಿದೆ? ಒತ್ತಡವೇ ಇರಬಾರದು ಅಂತಲೂ ಇಲ್ಲ.

ನಿನ್ನದು ಮಂಡೆಬಿಸಿ. ಪರೀಕ್ಷೆ ಮುಗಿದ ಮೇಲೆ ಇಳಿಯುತ್ತದೆ. ಇಳಿಯದೆ ವಾರಗಟ್ಟಲೆ ಉಳಿದು, ಕ್ಲಾಸಿಗೆ ಹೋಗುವುದೇ ಬೇಡ ಅನಿಸಿದರೆ ಆಗ ತೋರಿಸಬೇಕು. 14416ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, 2022ರಿಂದ ಇದೆ, ದುಡ್ಡಿಲ್ಲ.

ಖಿನ್ನತೆಗೆ ಪುಸ್ತಕದ ಲೆಕ್ಕ ಕಡಿಮೆ ಅಂದರೂ 2 ವಾರ, ದಿನದ ಹೆಚ್ಚು ಹೊತ್ತು. ಆದರೆ ನಮ್ಮ ಕಡೆಯವರು "ನನಗೆ ದುಃಖ" ಅಂತ ಹೇಳಿಕೊಂಡು ಬರುವುದಿಲ್ಲ. ಮೈಕೈ ನೋವು, ಬಚ್ಚುತ್ತದೆ (ಸುಸ್ತು), ಎದೆ ಉರಿ ಅಂತ ಬರುತ್ತಾರೆ. ಎಲ್ಲ ಟೆಸ್ಟೂ ನಾರ್ಮಲ್. ಅಡಿಕೆ ಸುಲಿಯುವಾಗ ಊರಿನ ಸುದ್ದಿಯೆಲ್ಲ ಹೇಳಿ ನಗಿಸುತ್ತಿದ್ದ ಹೆಂಗಸು ಈಗ ಬಾಯಿ ತೆರೆಯುವುದಿಲ್ಲ ಅಂತ ಮನೆಯವರು ಹೇಳಿದರೆ ಅದನ್ನು ಬರೆದುಕೋ. ಕಣ್ಣೀರಿಗಿಂತ ಆಸಕ್ತಿ ಬತ್ತಿಹೋದದ್ದು ಜಾಸ್ತಿ ಹೇಳುತ್ತದೆ.

ಇನ್ನು ಪಾತ್ರಿ ವಿಷಯ. ಸುಮ್ನೆ ಯೋಚಿಸು: ದರ್ಶನ ಯಾವಾಗ ಬರುತ್ತದೆ? ಕೋಲದ, ಅಂದರೆ ದೈವಾರಾಧನೆಯ ದಿನ, ಆ ಜಾಗದಲ್ಲಿ, ಹತ್ತು ಜನರ ಎದುರು. ಮುಗಿದ ಮೇಲೆ ಹೋಗುತ್ತದೆ. ಮರುದಿನ ಅವರು ತೋಟದಲ್ಲಿರುತ್ತಾರೆ. ಊರಿಗೂ ಅದು ವಿಚಿತ್ರ ಅಲ್ಲ, ಅವರಿಗೂ ಸಂಕಟ ಇಲ್ಲ. ಒಂದು ಸಮಾಜದ ಆಚರಣೆಯ ಭಾಗವಾಗಿ ಮೈಮೇಲೆ ಬಂದರೆ ಅದನ್ನು ಕಾಯಿಲೆ ಅನ್ನಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಕೂಡ ಹೇಳುತ್ತದೆ. ರೋಗಿಗೆ ಕೇಳುವ ಧ್ವನಿ ಹಾಗಲ್ಲ. ಕರೆಯದೆ ಬರುತ್ತದೆ, ಬಸ್ಸಿನಲ್ಲೂ ಬರುತ್ತದೆ, ಹೋಗು ಅಂದರೆ ಹೋಗುವುದಿಲ್ಲ.

ತಪ್ಪು ಇನ್ನೊಂದು ಕಡೆಗೂ ಆಗುತ್ತದೆ. ಸೋಂಕು, ಅಂದರೆ ಭೂತ ಪ್ರೇತ ತಗಲಿದೆ ಅಂತ ಹೇಳಿ ವರ್ಷಗಟ್ಟಲೆ ಮದ್ದಿಲ್ಲದೆ ಇಟ್ಟ ಮಕ್ಕಳನ್ನು ನೋಡಿದ್ದೇನೆ. ಜೋಯಿಸರಲ್ಲಿ ಪ್ರಶ್ನೆ ಇಡಬೇಡಿ (ಶಾಸ್ತ್ರ ಕೇಳಬೇಡಿ) ಅಂತ ನಾನು ಮನೆಯವರಿಗೆ ಹೇಳುವುದಿಲ್ಲ. ಹೇಳಿದರೆ ಮತ್ತೆ ಅವರು ಈ ಕಡೆ ಬರುವುದಿಲ್ಲ. ಪ್ರಶ್ನೆಯೂ ಇಡಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಅನ್ನುತ್ತೇನೆ.

ನನ್ನದೇ ಒಂದು ಎಡವಟ್ಟು ಕೇಳು. ಕೆಲಸಕ್ಕೆ ಸೇರಿದ ವರ್ಷ, ತುಳು ಮಾತಾಡುವ ಒಬ್ಬ ಅಜ್ಜಿ, "ನಿನ್ನೆ ರಾತ್ರಿ ಇವರು ಬಂದು ಜಗಲಿಯಲ್ಲಿ ಕೂತಿದ್ದರು" ಅಂದರು. ಗಂಡ ತೀರಿಹೋಗಿದ್ದರು. ನಾನು ಹ್ಯಾಲೂಸಿನೇಷನ್ ಅಂತ ಬರೆದೆ. ಸೀನಿಯರ್ ಸಿಸ್ಟರ್ ನೋಡಿ, "ತೀರಿಹೋಗಿ ಎಷ್ಟು ದಿನ ಆಯಿತು ಅಂತ ಕೇಳಿದ್ದೀಯಾ?" ಅಂದರು. ಬೊಜ್ಜ, ಅಂದರೆ ಉತ್ತರಕ್ರಿಯೆ ಕೂಡ ಆಗಿರಲಿಲ್ಲ! ಸಂಗಾತಿ ತೀರಿಕೊಂಡವರಿಗೆ ಹಾಗೆ ಕಾಣುವುದು, ಕೇಳುವುದು ತುಂಬ ಸಾಮಾನ್ಯ. ಅದು ದುಃಖ, ರೋಗವಲ್ಲ.

ಪ್ರಶ್ನೆ (ವಿದ್ಯಾರ್ಥಿ, ಉಪ್ಪಳ):
ಸಿಸ್ಟರ್, ಇಲ್ಯೂಷನ್, ಹ್ಯಾಲೂಸಿನೇಷನ್, ಡಿಲ್ಯೂಷನ್ ಮೂರನ್ನೂ ಕನ್ನಡದಲ್ಲಿ ಭ್ರಮೆ, ಭ್ರಾಂತಿ ಅಂತಲೇ ಓದಿದ್ದೇನೆ. ಮಲಯಾಳದಲ್ಲಿ ಭ್ರಾಂತ್ ಅಂದರೆ ಹುಚ್ಚೇ. ವೈವಾದಲ್ಲಿ ಸಿಕ್ಕಿಬೀಳುತ್ತೇನೆ ಅಷ್ಟೇ.

ಉತ್ತರ:
ಕತ್ತಲಲ್ಲಿ ಒಣಗಿದ ಬಾಳೆ ಎಲೆ ಜೋತುಬಿದ್ದದ್ದು ಮನುಷ್ಯ ನಿಂತ ಹಾಗೆ ಕಂಡರೆ ಇಲ್ಯೂಷನ್. ಎಲೆ ಇದೆ, ತಪ್ಪಾಗಿ ಕಂಡಿತು. ಅಲ್ಲಿ ಏನೂ ಇಲ್ಲದೆ ಮನುಷ್ಯ ಕಂಡರೆ ಹ್ಯಾಲೂಸಿನೇಷನ್. ಡಿಲ್ಯೂಷನ್‌ಗೆ ಕಣ್ಣು ಕಿವಿ ಬೇಡ, ಅದು ನಂಬಿಕೆ. ನೆರೆಯವನು ಬಾವಿಗೆ ವಿಷ ಹಾಕಿದ್ದಾನೆ ಅನ್ನುತ್ತಾರೆ. ನೀರು ಟೆಸ್ಟ್ ಮಾಡಿಸಿ ತೋರಿಸಿದರೆ, ಲ್ಯಾಬಿನವರಿಗೂ ದುಡ್ಡು ಕೊಟ್ಟಿದ್ದಾನೆ ಅನ್ನುತ್ತಾರೆ. ಸಾಕ್ಷಿಗೆ ಅಲುಗುವುದಿಲ್ಲ.

ಹಾಗಾಗಿ ವಾದ ಮಾಡಬೇಡ. ಹೌದು ಅಂತ ತಲೆ ಆಡಿಸುವುದೂ ಬೇಡ. "ನನಗೆ ಆ ಧ್ವನಿ ಕೇಳಿಸುತ್ತಿಲ್ಲ. ಆದರೆ ನಿಮಗೆ ಹೆದರಿಕೆ ಆಗಿದೆ ಅಂತ ಗೊತ್ತಾಗುತ್ತದೆ" ಅನ್ನು. ಧ್ವನಿ ಏನು ಹೇಳುತ್ತದೆ ಅಂತ ಕೇಳುವುದನ್ನು ಮರೆಯಲೇಬಾರದು. ಸಾಯಿ, ಹೊಡಿ ಅಂತ ಹೇಳುತ್ತಿದ್ದರೆ ಅವರನ್ನು ಒಬ್ಬರೇ ಬಿಡದೆ ಆ ಕ್ಷಣವೇ ಇನ್‌ಚಾರ್ಜ್‌ಗೆ ತಿಳಿಸು.

ಇನ್ನೊಂದು. ಕುಡಿಯುವುದು ನಿಲ್ಲಿಸಿ ಎರಡು ಮೂರು ದಿನ ಆದವನಿಗೆ ಗೋಡೆ ಮೇಲೆ ಹುಳ ಕಂಡರೆ, ಕೈ ನಡುಗಿದರೆ, ದಿನ ಯಾವುದು ಅಂತ ಗೊತ್ತಿಲ್ಲದಿದ್ದರೆ ಅದು ಡೆಲಿರಿಯಮ್. ಜೀವಕ್ಕೆ ಅಪಾಯ. ಜ್ವರ ಬಂದ ಮುದುಕರಲ್ಲೂ ಹೀಗೆ ಏಕಾಏಕಿ ಆಗುತ್ತದೆ. ಅಲ್ಲಿ ಮೊದಲು ದೇಹ ನೋಡಬೇಕು, ಮನಸ್ಸು ಆಮೇಲೆ.

ಪ್ರಶ್ನೆ (ಶಾಲಾ ಟೀಚರ್, ಪೆರ್ಲ):
ನಾನು ನರ್ಸ್ ಅಲ್ಲ, ಆದರೂ ಕೇಳುತ್ತೇನೆ. ನಮ್ಮ ಎಣ್ಮಕಜೆ ಕಡೆ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿರುವ ಮಕ್ಕಳನ್ನು ಜನ ಸಲೀಸಾಗಿ "ಮೆಂಟಲ್" ಅಂದುಬಿಡುತ್ತಾರೆ. ಬುದ್ಧಿ ಬೆಳವಣಿಗೆ ಕಡಿಮೆ ಇರುವುದೂ ಮಾನಸಿಕ ಕಾಯಿಲೆಯೂ ಒಂದೇನಾ?

ಉತ್ತರ:
ಅಲ್ಲ ಟೀಚರೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಬುದ್ಧಿ ಬೆಳವಣಿಗೆ ಕುಂಠಿತವಾದದ್ದು ಮಾನಸಿಕ ಕಾಯಿಲೆ ಅಲ್ಲ ಅಂತ ಸ್ಪಷ್ಟವಾಗಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಎರಡನ್ನೂ ಬೇರೆ ಬೇರೆಯಾಗಿ ಪಟ್ಟಿ ಮಾಡುತ್ತದೆ. ಒಂದು ಬೆಳೆಯುವ ವಯಸ್ಸಿನಲ್ಲೇ ಕಾಣುತ್ತದೆ, ಅದಕ್ಕೆ ಬೇಕಾದದ್ದು ತರಬೇತಿ, ಶಾಲೆ, ತಾಳ್ಮೆ. ಇನ್ನೊಂದು ಸರಿಯಾಗಿದ್ದವರಿಗೂ ಯಾವ ವಯಸ್ಸಿನಲ್ಲೂ ಬರಬಹುದು, ಚಿಕಿತ್ಸೆಯಿಂದ ಎಷ್ಟೋ ಜನ ಚೆನ್ನಾಗಿದ್ದಾರೆ. ಆದರೆ ಆ ಮಕ್ಕಳಿಗೂ ಖಿನ್ನತೆ ಬರುತ್ತದೆ. ಊಟ ಬಿಟ್ಟರೆ, ಮೂಲೆ ಹಿಡಿದರೆ "ಅವನು ಹಾಗೆಯೇ" ಅಂತ ನಾವೇ ಬಿಟ್ಟುಬಿಡುತ್ತೇವೆ. ಮೊದಲು ಹೇಗಿದ್ದ ಅಂತ ಗೊತ್ತಿರುವುದು ನಿಮಗೇ. ಬದಲಾವಣೆ ಕಂಡರೆ ಬರೆದು ತಾಯಿಯ ಕೈಯಲ್ಲಿ ಕೊಟ್ಟು ಕಳಿಸಿ.

ಪ್ರಶ್ನೆ (ಮೊದಲಿನ ವಿದ್ಯಾರ್ಥಿನಿ):
ಅಕ್ಕ, ಕೊನೆಯದು. ಮೊದಲ ದಿನ ರೋಗಿ ಹತ್ತಿರ ಏನು ಮಾತಾಡಲಿ?

ಉತ್ತರ:
ಹೆಸರು ಹೇಳು. ಎಷ್ಟು ವಾರ ಇರುತ್ತೀ ಅಂತ ಮೊದಲ ದಿನವೇ ಹೇಳು. ನರ್ಸಿಂಗ್ ಸಿದ್ಧಾಂತ ಬರೆದ ಪೆಪ್ಲಾವ್ 1952ರಲ್ಲಿ ನರ್ಸ್ ಮತ್ತು ರೋಗಿಯ ಸಂಬಂಧವನ್ನು ಹಂತಗಳಾಗಿ ಬಿಡಿಸಿ ಇಟ್ಟಿದ್ದನ್ನು ಓದಿದ್ದೀಯಲ್ವಾ? ಕೊನೆಯ ಹಂತ, ಅಂದರೆ ಬೀಳ್ಕೊಡುವುದು, ಕೊನೆಯ ದಿನ ಶುರುವಾಗುವುದಲ್ಲ. ಹೇಳದೆ ಹೋದರೆ ಅವರಿಗೆ ಇನ್ನೊಬ್ಬರು ಬಿಟ್ಟುಹೋದ ಹಾಗೆ. ಮನೆಯಲ್ಲಿ ಯಾವ ಭಾಷೆ ಅಂತ ಕೇಳು. ಫೈಲಿನಲ್ಲಿ ಮಲಯಾಳ ಅಂತ ಇರುತ್ತದೆ, ಅಳುವುದು ತುಳುವಿನಲ್ಲಿ. ಮತ್ತೆ ಕೂರುವಾಗ ಬಾಗಿಲ ಕಡೆ ನೀನಿರು.